ಮನೆ ಮುಂದೆ ಪೇವರ್ಸ್ ಹಾಕಿಸ್ಬೇಕು, ಈ "ಸರ್ಟಿಫೈಡ್ ಅಂಡ್ ಇನ್ಶೂರ್ಡ್" ಅಂತಾರಲ್ಲ, ಅದನ್ನ ನಂಬೋದು ಹೆಂಗೆ?

ಉತ್ತರಹಳ್ಳಿ ಸೈಟು:
ಎಲ್ರಿಗೂ ನಮಸ್ಕಾರ. ನಮ್ದು ಉತ್ತರಹಳ್ಳಿ ಕಡೆ 40×60 ಸೈಟು, ಅಪ್ಪ ಕಟ್ಟಿಸಿದ ಮನೆ. ಮುಂದೆ ಕಾರ್ ನಿಲ್ಸೋ ಜಾಗ, ಪಕ್ಕದ ಓಣಿ ಎಲ್ಲಾ ಸೇರಿ ಅಂದಾಜು 900 ಚದರಡಿ ಖಾಲಿ ಇದೆ. ಹಳೇ ಸಿಮೆಂಟ್ ನೆಲ, ಎರಡು ವರ್ಷದ ಹಿಂದೆ ಪೈಪ್ ಹಾಕ್ಸೋಕೆ ಅಗೆಸಿದ್ವಿ, ಅವತ್ತಿಂದ ಕುಸೀತಾ ಕುಸೀತಾ ಬಂದು ಈಗ ನಾಲ್ಕು ಹನಿ ಬಿದ್ರೆ ಸಂಪಿನ ಮುಚ್ಚಳದ ಸುತ್ತ ಕೆರೆ. ಮಳೆಗಾಲದೊಳಗೆ ಕಿತ್ತಾಕಿಸಿ ಇಂಟರ್‌ಲಾಕ್ ಪೇವರ್ಸ್, ಅಂದ್ರೆ ಒಂದಕ್ಕೊಂದು ಜೋಡಿಸೋ ಕಾಂಕ್ರೀಟ್ ಬ್ಲಾಕ್, ಹಾಕಿಸ್ಬಿಡೋಣ ಅಂತ ಮನೇಲಿ ತೀರ್ಮಾನ ಆಗಿದೆ.

ಎರಡು ಕೊಟೇಶನ್ ಬಂದಿದೆ. ಒಂದು ಕಂಪ್ನಿ, ಎಸಿ ಆಫೀಸು, ಟೈ ಹಾಕಿರೋ ಹುಡುಗ ಬಂದು ಟ್ಯಾಬ್‌ನಲ್ಲಿ ಡಿಸೈನ್ ತೋರ್ಸಿದ, ಚದರಡಿಗೆ 118. ಬ್ರೋಷರ್ ಮೇಲೆ ದಪ್ಪಕ್ಷರದಲ್ಲಿ "ಸರ್ಟಿಫೈಡ್ ಅಂಡ್ ಇನ್ಶೂರ್ಡ್". ಇನ್ನೊಂದು ನಮ್ಮ ಏರಿಯಾದ ಮೇಸ್ತ್ರಿ, ಮೆಟೀರಿಯಲ್ ಸೇರಿ 78. ಅವರ ಹತ್ರ ಒಂದು ವಿಸಿಟಿಂಗ್ ಕಾರ್ಡೂ ಇಲ್ಲ, ಲೆಕ್ಕ ಬರ್ಕೊಟ್ಟಿದ್ದು ನಮ್ಮನೆ ಕ್ಯಾಲೆಂಡರ್ ಹಾಳೆ ಹಿಂದೆ. ಒಟ್ಟು 36 ಸಾವಿರ ವ್ಯತ್ಯಾಸ. ಅಮ್ಮ ಮೇಸ್ತ್ರಿ ಪಾರ್ಟಿ, ನನ್ನ ಹೆಂಡ್ತಿ ಕಂಪ್ನಿ ಪಾರ್ಟಿ, ನಾನು ಮಧ್ಯದಲ್ಲಿ ಸಂಪಿನ ಮುಚ್ಚಳ.

ನನ್ನ ಪ್ರಶ್ನೆ ಇಷ್ಟೇ. ಸರ್ಟಿಫೈಡ್ ಅಂದ್ರೆ ಯಾರು ಕೊಟ್ಟ ಸರ್ಟಿಫಿಕೇಟು? ಇನ್ಶೂರ್ಡ್ ಅಂದ್ರೆ ಯಾವುದಕ್ಕೆ ಇನ್ಶೂರೆನ್ಸು, ನನ್ನ ಮನೆಗಾ, ಅವರ ಹುಡುಗ್ರಿಗಾ, ಕಲ್ಲಿಗಾ?

ಚಿಲ್ಲರೆ ಮಾತು:
ಗುರು 900 ಚದರಡಿಗೆ ಇನ್ಶೂರೆನ್ಸ್ ಕೇಳ್ತಿದ್ದೀಯಲ್ಲ, ಮೆಟ್ರೋ ಸ್ಟೇಷನ್ ಏನಾದ್ರೂ ಕಟ್ಟಿಸ್ತಿದ್ದೀಯಾ? ಮೇಸ್ತ್ರಿಗೆ ಕೊಡು, ನಾಲ್ಕು ದಿನದಲ್ಲಿ ಮುಗ್ಸಿ ಹೋಗ್ತಾನೆ.

ಯಲಹಂಕ ಮನೆಯಾಕೆ:
ನಗಬೇಡಿ. ನಮ್ಮನೇಲಿ ಆಗಿದ್ದು ಹೇಳ್ತೀನಿ ಕೇಳಿ. ಮೂರು ವರ್ಷದ ಹಿಂದೆ ನಾವೂ ಇದೇ ಕೆಲ್ಸ ಮಾಡಿಸಿದ್ವಿ, ಕಾಂಟ್ರಾಕ್ಟರ್ ಹೆಸರೆಲ್ಲ ಬೇಡ. ಮೂರನೇ ದಿನ ಮಧ್ಯಾಹ್ನ ಅಂಚಿನ ಬ್ಲಾಕ್ ಕಟ್ ಮಾಡ್ತಿದ್ದ ಹುಡುಗ, ಕಲಬುರಗಿ ಕಡೆಯವನು, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಕಾಲಿಗೆ ಹವಾಯಿ ಚಪ್ಪಲಿ. ಕಟರ್ ಮಶೀನ್ ಜಾರಿ ಪಾದದ ಮೇಲೆ ಹೋಯ್ತು. ನಾನು ಅಡುಗೆಮನೆಯಿಂದ ಓಡಿ ಬಂದಾಗ ಹೊಸಾ ಬೂದು ಕಲ್ಲಿನ ಮೇಲೆಲ್ಲ ರಕ್ತ, ಆ ಹುಡುಗ ಮಾತ್ರ "ಏನಿಲ್ಲ ಬಿಡ್ರಿ ಅಕ್ಕ, ಸ್ವಲ್ಪ ನೀರು ಕೊಡ್ರಿ" ಅಂತಿದ್ದಾನೆ. ನಮ್ಮೆಜಮಾನ್ರು ಕಾರಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಹೋದ್ರು, ಎರಡು ಬೆರಳಿನ ನರ ಕಟ್ ಆಗಿತ್ತು, ಆಪರೇಶನ್ ಅಂದ್ರು.

ಕಾಂಟ್ರಾಕ್ಟರ್‌ಗೆ ಫೋನ್ ಮಾಡಿದ್ರೆ ಮೊದಲ ಸಲ "ಬರ್ತಿದ್ದೀನಿ ಮೇಡಂ", ಆಮೇಲೆ ಸ್ವಿಚ್ ಆಫ್. ಅವನೂ ಇನ್ಶೂರ್ಡ್ ಅಂತಾನೇ ಹೇಳ್ಕೊಂಡಿದ್ದ, ಪಾಲಿಸಿ ಜೆರಾಕ್ಸ್ ಕೂಡ ಕೊಟ್ಟಿದ್ದ, ನಾವು ಫೈಲಿಗೆ ಹಾಕಿ ಇಟ್ಟಿದ್ವಿ, ಓದಿರ್ಲಿಲ್ಲ. ಅವತ್ತು ರಾತ್ರಿ ತೆಗೆದು ನೋಡಿದ್ರೆ ಅದು ಅವನ ಲಗೇಜ್ ಆಟೋ ಇನ್ಶೂರೆನ್ಸು! ಗಾಡಿ ನಂಬರ್, ಚಾಸಿಸ್ ನಂಬರ್ ಎಲ್ಲಾ ಇದೆ. ಆಸ್ಪತ್ರೆ ಬಿಲ್ ಪೂರ್ತಿ ನಾವೇ ಕಟ್ಟಿದ್ವಿ, ಕಟ್ಟದೇ ಇರೋಕೆ ಮನಸ್ಸೂ ಬರ್ಲಿಲ್ಲ ಬಿಡಿ, ನಮ್ಮನೆ ಅಂಗಳದಲ್ಲಿ ಆಗಿದ್ದು. ಆದ್ರೆ ಆ ಹುಡುಗ ಮುಂದೆ ನಾಲ್ಕು ತಿಂಗಳು ಕೆಲ್ಸ ಇಲ್ದೆ ಊರಲ್ಲಿ ಕೂತ, ಅದಕ್ಕೆ ಯಾರು?

ಚಿಲ್ಲರೆ ಮಾತು:
ಸಾರಿ ಅಕ್ಕ. ನಾನು ತಮಾಷೆಗೆ ಅಂದಿದ್ದು.

ಪಾಲಿಸಿ ಅಕ್ಕ:
ನಾನು ಹದಿನಾಲ್ಕು ವರ್ಷದಿಂದ ಜನರಲ್ ಇನ್ಶೂರೆನ್ಸ್ ಏಜೆಂಟು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಓದಿ.

ಇನ್ಶೂರ್ಡ್ ಅನ್ನೋ ಪದಕ್ಕೆ ಒಂದು ಅರ್ಥ ಇಲ್ಲ. ನಿಮಗೆ ಬೇಕಿರೋದು ಮುಖ್ಯವಾಗಿ ಡಬ್ಲ್ಯುಸಿ ಪಾಲಿಸಿ, ಅಂದ್ರೆ ವರ್ಕ್‌ಮೆನ್ ಕಾಂಪೆನ್ಸೇಶನ್, ಕಾಯ್ದೆ ಹೆಸರು ಎಂಪ್ಲಾಯೀಸ್ ಅಂತ ಬದಲಾಗಿ ಎಷ್ಟೋ ಕಾಲ ಆಯ್ತು, ಬಾಯಲ್ಲಿ ಇನ್ನೂ ಡಬ್ಲ್ಯುಸಿನೇ. ಕೆಲಸದ ಮೇಲಿದ್ದಾಗ ಕೆಲಸಗಾರನಿಗೆ ಏಟಾದ್ರೆ, ಕೈಕಾಲು ಊನ ಆದ್ರೆ, ಜೀವ ಹೋದ್ರೆ ಅವನ ಧಣಿ ಕೊಡಬೇಕಾದ ಪರಿಹಾರಾನ ಇನ್ಶೂರೆನ್ಸ್ ಕಂಪ್ನಿ ಕೊಡುತ್ತೆ. ಇನ್ನೊಂದು ಸಿಎಆರ್, ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್, ಅದರಲ್ಲಿ ಕೆಲಸದ ಹಾನಿ ಒಂದು ಭಾಗ, ಮೂರನೆಯವರಿಗೆ ಆಗೋ ಹಾನಿ ಇನ್ನೊಂದು ಭಾಗ, ಉದಾಹರಣೆಗೆ ಪಕ್ಕದ ಮನೆ ಕಾಂಪೌಂಡ್ ಬಿದ್ದೋಯ್ತು ಅಂತಿಟ್ಕೊಳಿ. ಆದ್ರೆ ಆ ಮೂರನೆಯವರು ಅನ್ನೋದ್ರಲ್ಲಿ ಕಾಂಟ್ರಾಕ್ಟರ್‌ನ ಸ್ವಂತ ಹುಡುಗ್ರು ಬರಲ್ಲ, ಇಲ್ಲೇ ಜನ ಏಮಾರೋದು. ಮನೆ ಪೇವಿಂಗ್‌ಗೆ ಸಿಎಆರ್ ಮಾಡಿಸೋರು ನನ್ನ ಕೈಲಿ ಒಬ್ರೂ ಇಲ್ಲ, ಅದನ್ನ ನಿರೀಕ್ಷೆ ಮಾಡೋದೂ ಬೇಡ. ನಿಮ್ಮ ಮನೆ ಇನ್ಶೂರೆನ್ಸ್ ಇದ್ರೂ ಅದು ಸಾಮಾನ್ಯವಾಗಿ ಕೂಲಿಯವರ ಏಟಿಗೆ ಬರಲ್ಲ.

ಡಬ್ಲ್ಯುಸಿ ಪಾಲಿಸಿ ಕೊಟ್ರೆ ಮೊದಲ ಪುಟ ನೋಡಿ ಖುಷಿ ಪಡಬೇಡಿ, ಶೆಡ್ಯೂಲ್ ಪುಟ ಕೇಳಿ. ಪಾಲಿಸಿ ಯಾರ ಹೆಸರಲ್ಲಿದೆ, ಅದೇ ಹೆಸರು ನಿಮ್ಮ ಕೊಟೇಶನ್ ಮೇಲೂ ಇದ್ಯಾ, ಯಾವತ್ತಿಂದ ಯಾವತ್ತಿನ ತನಕ, ಎಷ್ಟು ಜನ, ಯಾವ ಕೆಲಸದವರು ಅಂತ ಬರ್ದಿದ್ದಾರೆ, ಕೆಲಸದ ಜಾಗ ಯಾವುದು. ಆಮೇಲೆ ಸಬ್ ಕಾಂಟ್ರಾಕ್ಟ್ ಹುಡುಗ್ರು ಸೇರಿದ್ದಾರಾ ಅನ್ನೋದು ಬಲು ಮುಖ್ಯ, ಯಾಕಂದ್ರೆ ದೊಡ್ಡ ಕಂಪ್ನಿಗಳೂ ಕೊನೆಗೆ ಕಳ್ಸೋದು ಲೇಬರ್ ಕಾಂಟ್ರಾಕ್ಟ್ ಹುಡುಗ್ರನ್ನೇ. ಆಸ್ಪತ್ರೆ ಖರ್ಚಿನ ಮಿತಿ ಎಷ್ಟು ಅಂತಾನೂ ಕೇಳಿ, ಕೆಲವು ಪಾಲಿಸೀಲಿ ಅದನ್ನ ಬೇರೆಯಾಗಿ ಸೇರಿಸ್ಕೋಬೇಕು. ಕೊನೆಗೆ ಆ ಪಾಲಿಸಿ ನಂಬರ್ ಇಟ್ಕೊಂಡು ಇನ್ಶೂರೆನ್ಸ್ ಕಂಪ್ನಿ ಟೋಲ್ ಫ್ರೀಗೆ ನೀವೇ ಫೋನ್ ಮಾಡಿ, ಚಾಲ್ತೀಲಿದೆಯಾ ಅಂತ. ಕಾಂಟ್ರಾಕ್ಟರ್ ಕೊಟ್ಟ ಏಜೆಂಟ್ ನಂಬರ್‌ಗಲ್ಲ, ಕಂಪ್ನಿಯ ನಂಬರ್‌ಗೆ.

ಕೋರ್ಟು ಕಛೇರಿ:
ಅಕ್ಕ ಹೇಳಿದ್ದಕ್ಕೆ ಲೆಕ್ಕ ಸೇರಿಸ್ತೀನಿ. ಅಕ್ಕ ಹೇಳಿದ ಆ ಪರಿಹಾರದ ಕಾಯ್ದೆ 1923ರದ್ದು, ಅದರ ಪ್ರಕಾರ ಸಾವಾದ್ರೆ ತಿಂಗಳ ಕೂಲಿಯ ಅರ್ಧಕ್ಕೆ ವಯಸ್ಸಿನ ಫ್ಯಾಕ್ಟರ್, ಅಂದ್ರೆ ಆ ವಯಸ್ಸಿಗೆ ಕಾಯ್ದೇಲಿ ಕೊಟ್ಟಿರೋ ಸಂಖ್ಯೆ, ಗುಣಿಸ್ತಾರೆ. 2020ರಿಂದ ಲೆಕ್ಕಕ್ಕೆ ಹಿಡಿಯೋ ಕೂಲಿ ಮಿತಿ 15,000. ಮೂವತ್ತು ವರ್ಷದವನಿಗೆ ಫ್ಯಾಕ್ಟರ್ 207.98. ಅಂದ್ರೆ 7,500 ಇಂಟು 207.98, ಹದಿನೈದು ಲಕ್ಷದ ಐವತ್ತೊಂಬತ್ತು ಸಾವಿರದ ಚಿಲ್ಲರೆ. ಈ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆ 2020ರ ಒಳಗೆ ಸೇರ್ಕೊಂಡಿದೆ, ಆದ್ರೆ ಮೊತ್ತ ಎಷ್ಟು ದೊಡ್ಡದು ಅನ್ನೋದು ಗೊತ್ತಾಗ್ಲಿ ಅಂತ ಹೇಳಿದೆ. ಇಷ್ಟು ದುಡ್ಡು ಕ್ಯಾಲೆಂಡರ್ ಹಿಂದೆ ಕೊಟೇಶನ್ ಬರೆಯೋ ಮೇಸ್ತ್ರಿ ಎಲ್ಲಿಂದ ತರ್ತಾನೆ?

ಮನೆ ಮಾಲೀಕ ಜವಾಬ್ದಾರನಾ ಅಂತ ಮುಂದಿನ ಪ್ರಶ್ನೆ ಬರುತ್ತೆ. ಕಾಂಟ್ರಾಕ್ಟರ್‌ಗೆ ಪೂರ್ತಿ ಕೆಲ್ಸ ವಹಿಸಿದ್ರೆ ಮೊದಲ ಹೊಣೆ ಅವನದು. ನೀವೇ ಬೆಳಿಗ್ಗೆ ಸರ್ಕಲ್‌ಗೆ ಹೋಗಿ ನಾಲ್ಕು ಜನನ್ನ ದಿನಗೂಲಿಗೆ ಕರ್ಕೊಂಡು ಬಂದ್ರೆ, ಅವರ ಧಣಿ ನೀವೇ ಅನ್ನೋ ವಾದ ನಿಮ್ಮ ಬಾಗಿಲಿಗೇ ಬರುತ್ತೆ. ಸಂಪಿನ ಬಾಯಿ ತೆಗೆದಿಟ್ಟು ಮುಚ್ಚದೇ ಇದ್ರಿ, ಜೋಲಾಡೋ ವೈರಿಂದ ಮಶೀನ್‌ಗೆ ಕರೆಂಟ್ ಕೊಟ್ರಿ ಅಂದ್ರೆ ಅದು ನಿರ್ಲಕ್ಷ್ಯ, ಅದಕ್ಕೆ ಬೇರೆ ದಾರಿ ಇದೆ. ಹಾಗಾಗಿ ಲೇಬರ್ ರೇಟ್ ಉಳಿಯುತ್ತೆ ಅಂತ ನೇರ ಕೂಲಿಗೆ ಕರೀಬೇಡಿ.

ಮೇಸ್ತ್ರಿ ಮಗ:
ಎಲ್ಲಾ ಸರಿ ಸಾರ್, ಆದ್ರೆ ಮೇಸ್ತ್ರಿ ಅಂದ್ರೆ ಮೋಸ, ಕಂಪ್ನಿ ಅಂದ್ರೆ ಭದ್ರ ಅನ್ನೋ ಥರ ಮಾತು ಹೋಗ್ತಿದೆ ಅದಕ್ಕೆ ಬರೀತಿದ್ದೀನಿ. ನಮ್ಮಪ್ಪ ಮೂವತ್ತು ವರ್ಷ ಗಾರೆ ಕೆಲ್ಸ ಮಾಡಿದ್ದಾರೆ, ನಾನು ಡಿಪ್ಲೊಮಾ ಮಾಡ್ಕೊಂಡು ಅದೇ ಲೈನಲ್ಲಿದ್ದೀನಿ. ನಮ್ಮಲ್ಲಿ ಖಾಸಗಿ ಮನೆಗೆ ಪೇವರ್ ಹಾಕೋಕೆ ಲೈಸೆನ್ಸ್ ಅಂತ ಒಂದು ಇಲ್ಲ. ಪಿಡಬ್ಲ್ಯುಡಿ ಕ್ಲಾಸ್ ಒನ್, ಕ್ಲಾಸ್ ಟೂ ಅಂತ ತೋರಿಸ್ತಾರೆ, ಅದು ಸರ್ಕಾರಿ ಟೆಂಡರ್ ಹಿಡಿಯೋಕೆ. ಐಎಸ್‌ಒ ತೋರಿಸ್ತಾರೆ, ಅದು ಅವರ ಆಫೀಸ್ ಹೆಂಗೆ ನಡೀತಿದೆ ಅನ್ನೋದಕ್ಕೆ, ನಿಮ್ಮ ಅಂಗಳದ ಕಲ್ಲಿಗಲ್ಲ. ಜಿಎಸ್‌ಟಿ ನಂಬರೂ ಸರ್ಟಿಫಿಕೇಟ್ ಥರ ತೋರಿಸ್ತಾರೆ, ವರ್ಷಕ್ಕೆ 20 ಲಕ್ಷದೊಳಗೆ ಕೆಲ್ಸ ಮಾಡೋ ಮೇಸ್ತ್ರಿಗೆ ಅದು ಬೇಕಾಗೇ ಇಲ್ಲ. ಇದ್ರೆ ಒಳ್ಳೇದು, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದ್ರೆ ಹೆಸರು, ಯಾವಾಗ ತಗೊಂಡಿದ್ದು, ಚಾಲ್ತೀಲಿದ್ಯಾ ಕ್ಯಾನ್ಸಲ್ ಆಗಿದ್ಯಾ ಎಲ್ಲಾ ಬರುತ್ತೆ. ಕಲ್ಲು ಮಾಡೋರಿಗೆ ಐಎಸ್‌ಐ ಮಾರ್ಕ್ ಇರುತ್ತೆ, ಸರ್ಟಿಫೈಡ್ ಅನ್ನೋ ಮಾತಿಗೆ ಅರ್ಥ ಇದ್ರೆ ಅದೊಂದಕ್ಕೇ. ಅದರ ಸಿಎಂಎಲ್ ನಂಬರ್, ಅಂದ್ರೆ ಆ ಮಾರ್ಕಿನ ಲೈಸೆನ್ಸ್ ನಂಬರ್, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ.

ಮೇಸ್ತ್ರಿನ ಪರೀಕ್ಷೆ ಮಾಡ್ಬೇಕಾ, ಒಂದೇ ಪ್ರಶ್ನೆ ಕೇಳಿ. "ಎಷ್ಟು ಆಳ ಅಗೀತೀರಾ?" ಮುಕ್ಕಾಲು ಅಡಿ ಮೇಲೆ ಅಂದ್ರೆ ಕೆಲ್ಸ ಗೊತ್ತಿರೋನು. "ಯಾಕ್ ಸಾರ್ ಅಗೀಬೇಕು, ಮೇಲೇ ಹಾಕ್ಬಿಡಾಣ" ಅಂದ್ರೆ ಕಾಫಿ ಕೊಟ್ಟು ಕಳ್ಸಿ.

ಒಂದು ಸಿವಿಲ್ಲು:
ಮೇಸ್ತ್ರಿ ಮಗ ಹೇಳಿದ ಆಳದ ಲೆಕ್ಕ ಹೀಗೆ. ಬ್ಲಾಕ್ 60 ಮಿಮೀ, ಅದರ ಕೆಳಗೆ ಮರಳಿನ ಹಾಸು ಸುಮಾರು 30, ಅದರ ಕೆಳಗೆ ವೆಟ್ ಮಿಕ್ಸ್ ಜಲ್ಲಿ (ಬೇರೆ ಬೇರೆ ಸೈಜಿನ ಜಲ್ಲೀನ ನೀರು ಹಾಕಿ ಕಲಸಿದ್ದು) ಆರಿಂಚು, ಅಂದ್ರೆ 150. ಒಟ್ಟು 240 ಮಿಮೀ. ಜಲ್ಲಿನ ಒಂದೇ ಸಲ ಸುರಿದು ಮೇಲೆ ಮಶೀನ್ ಓಡಿಸಿದ್ರೆ ಮೇಲ್ಭಾಗ ಮಾತ್ರ ಸರಿಯಾಗಿ ಗಟ್ಟಿ ಆಗುತ್ತೆ, ಎರಡು ಪದರದಲ್ಲಿ ದಮ್ಮಸು, ಅಂದ್ರೆ ಕುಟ್ಟಿ ಗಟ್ಟಿ ಮಾಡೋದು, ಆಗ್ಬೇಕು. ನಿಮ್ಮ ಹಳೇ ನೆಲ ಕುಸಿದಿದ್ದೂ ಪೈಪ್ ಗುಂಡಿ ಮಣ್ಣು ದಮ್ಮಸು ಮಾಡದೇ ಮುಚ್ಚಿದ್ದಕ್ಕೇ, ಆ ಜಾಗ ಪೂರ್ತಿ ತೆಗೆದು ಮತ್ತೆ ತುಂಬದೇ ಇದ್ರೆ 118 ರೂಪಾಯಿ ಕಲ್ಲೂ ಅಲ್ಲೇ ಕುಸಿಯುತ್ತೆ.

ಪೇವರ್ ಬ್ಲಾಕಿಗೆ ಐಎಸ್ 15658 ಅಂತ ಸ್ಟಾಂಡರ್ಡ್ ಇದೆ, ಅದರಲ್ಲಿ ಎಂ ಅಂದ್ರೆ ಕಾಂಕ್ರೀಟಿನ ಬಲದ ದರ್ಜೆ. ಓಡಾಡೋ ಜಾಗಕ್ಕೆ 50 ಮಿಮೀ ಎಂ 30, ಕಾರು ಬೈಕಿಗೆ 60 ಮಿಮೀ ಎಂ 35, ಅದಕ್ಕಿಂತ ಜಾಸ್ತಿ ಭಾರಕ್ಕೆ 80 ಮಿಮೀ ಎಂ 40. ನೀರಿನ ಟ್ಯಾಂಕರ್ ಗೇಟೊಳಗೆ ಬರುತ್ತೆ ಅಂದ್ರೆ 80 ಹಾಕ್ಸಿ. ಮನೆಯಲ್ಲೇ ಮಾಡ್ಬಹುದಾದ ಪರೀಕ್ಷೆ: ಒಣಗಿದ ಬ್ಲಾಕ್ ತೂಕ ಮಾಡಿ, ಒಂದು ದಿನ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಕ ಮಾಡಿ. ನೀರು ಕುಡಿಯೋದು ಸರಾಸರಿ ನೂರಕ್ಕೆ ಆರರ ಒಳಗಿರ್ಬೇಕು. ಲ್ಯಾಬ್‌ನಲ್ಲಿ ಓವನ್‌ನಲ್ಲಿ ಒಣಗಿಸಿ ಮಾಡ್ತಾರೆ, ಮನೇಲಿ ಮಾಡಿದ್ರೆ ಸ್ವಲ್ಪ ಕಮ್ಮಿನೇ ತೋರ್ಸುತ್ತೆ, ಆದ್ರೂ ಮನೇಲೇ ಆರು ದಾಟಿತು ಅಂದ್ರೆ ಆ ಕಲ್ಲು ಬೇಡ.

ಸಂಪು ಎಲ್ಲಿದೆ ಹೇಳಿ? ಕಾರ್ ನಿಲ್ಸೋ ಜಾಗದ ಕೆಳಗೇ ಅಲ್ವಾ?

ಉತ್ತರಹಳ್ಳಿ ಸೈಟು:
ಹೌದು ಸಾರ್, ಕಾರ್ ಕೆಳಗೇನೇ. ಬೆಂಗಳೂರಲ್ಲಿ ಇನ್ನೆಲ್ಲಿರುತ್ತೆ 🙂

ಒಂದು ಸಿವಿಲ್ಲು:
ಹಾಗಾದ್ರೆ ಎರಡು ವಿಷ್ಯ ಬರೆಸ್ಕೊಳಿ. ಸಂಪಿನ ಸ್ಲ್ಯಾಬ್ ಮೇಲೆ ದಮ್ಮಸು ಮಾಡೋ ಪ್ಲೇಟ್ ವೈಬ್ರೇಟರ್ ಮಶೀನ್ ಓಡಿಸೋ ಹಾಗಿಲ್ಲ, ಅಲ್ಲಿ ಕೈ ದಮ್ಮಸು ಮಾತ್ರ. ಸಂಪಿನ ಬಾಯಿ, ಚೇಂಬರ್ ಬಾಯಿ ಹೊಸ ನೆಲಕ್ಕಿಂತ ಮೇಲೆ ಏರ್ಸಬೇಕು, ಇಲ್ದೇ ಇದ್ರೆ ಅಂಗಳ ತೊಳೆದ ನೀರು ಕುಡಿಯೋ ನೀರಿಗೆ. ಇದು ಯಾವ ಕೊಟೇಶನ್‌ನಲ್ಲೂ ಇರಲ್ಲ, ಆಮೇಲೆ "ಅದು ಎಕ್ಸ್‌ಟ್ರಾ ಸಾರ್". ವಾಟ, ಅಂದ್ರೆ ನೀರು ಹರಿಯೋಕೆ ಇಳಿಜಾರು, ಎಷ್ಟು ಕೊಡ್ತಾರೆ ಅಂತಾನೂ ಬರೆಸಿ, ಹತ್ತಡಿಗೆ ಎರಡೂವರೆ ಇಂಚು ಸಾಕು, ಆದ್ರೆ ನೀರು ಎಲ್ಲಿಗೆ ಹೋಗುತ್ತೆ ಅನ್ನೋದು ಮೊದಲು ತೀರ್ಮಾನ ಆಗ್ಲಿ. ರಸ್ತೆಗೆ ಬಿಡೋ ಬದಲು ಇಂಗುಗುಂಡಿಗೆ ಬಿಡಿ, 40×60ಗೆ ಮಳೆನೀರು ಕೊಯ್ಲು ಜಲಮಂಡಳಿ ನಿಯಮದಲ್ಲೂ ಇದೆ.

ಬಸವನಗುಡಿ ಬೆಂಚು:
ನಮ್ಮ ಕಾಲದಲ್ಲಿ ಸಾದರಹಳ್ಳಿ ಚಪ್ಪಡಿ ಕಲ್ಲು ಹಾಸಿ, ಸಂದಿಗೆ ಗಾರೆ ತುಂಬಿ ಮುಗಿಸ್ತಿದ್ರು, ನಲವತ್ತು ವರ್ಷ ಆಯ್ತು ಒಂದು ಅಲ್ಲಾಡಿಲ್ಲ. ಈಗ ಅಂಗಳಕ್ಕೂ ಇನ್ಶೂರೆನ್ಸು. ಇರ್ಲಿ, ನಿಮ್ಮ ಕಾಲ ನಿಮ್ಮದು. ಒಂದು ಮಾತು, ಮನೆ ಬಾಗಿಲ ಹೊಸ್ತಿಲಿಗಿಂತ ಅಂಗಳ ಮೇಲೆ ಬರದ ಹಾಗೆ ನೋಡ್ಕೊಳ್ಳಿ, ರಸ್ತೆಗೆ ಟಾರ್ ಮೇಲೆ ಟಾರ್ ಹಾಕಿ ಆಗ್ಲೇ ನಮ್ಮನೆಗಳೆಲ್ಲ ಗುಂಡೀಲಿ ಕೂತಿವೆ.

ಉತ್ತರಹಳ್ಳಿ ಸೈಟು:
ಒಂದು ವಾರ ಆಯ್ತು, ಅಪ್ಡೇಟ್ ಕೊಡ್ತೀನಿ.

ಕಂಪ್ನಿಯವರಿಗೆ ಪಾಲಿಸಿ ಶೆಡ್ಯೂಲ್ ಕೇಳ್ದೆ. ಮೂರು ದಿನ "ಮೇಲ್ ಮಾಡ್ತೀವಿ ಸರ್", ನಾಲ್ಕನೇ ದಿನ ಬಂತು. ಡಬ್ಲ್ಯುಸಿನೇ, ಸುಳ್ಳಲ್ಲ. ಆದ್ರೆ ಪಾಲಿಸಿ ಮೇಲಿರೋ ಹೆಸರು ಬೇರೆ, ಅದು ಅವರ ಬ್ಲಾಕ್ ಮಾಡೋ ಯೂನಿಟ್ಟಂತೆ. ಜಾಗ ಅಂತ ಫ್ಯಾಕ್ಟರಿ ಅಡ್ರೆಸ್. ಆರು ಜನ, ಅದರಲ್ಲಿ ಇಬ್ರು ಆಫೀಸ್ ಸ್ಟಾಫ್. ಇಷ್ಟೂ ಸಾಲದು ಅಂತ ಮಾರ್ಚ್‌ಗೇ ಮುಗಿದಿದೆ. ಟೋಲ್ ಫ್ರೀಗೆ ಫೋನ್ ಮಾಡಿದ್ರೆ ರಿನ್ಯೂ ಆಗಿಲ್ಲ ಅಂದ್ರು. ನಾನು ಆ ಟೈ ಹುಡುಗನಿಗೆ ಕೇಳಿದ್ರೆ "ಸರ್ ಅದು ಪ್ರೊಸೆಸ್‌ನಲ್ಲಿದೆ, ನೀವು ಬಿಲ್ ಬೇಡ ಅಂದ್ರೆ 104ಕ್ಕೆ ಮಾಡ್ಕೊಡ್ತೀವಿ" ಅಂತಾನೆ. ನಾನು ಕೇಳಿದ್ದೇನು ಅವನು ಹೇಳಿದ್ದೇನು!

ಇನ್ನೊಂದು ವಿಷ್ಯ ಆಮೇಲೆ ಗಮನಕ್ಕೆ ಬಂತು, ಮೇಸ್ತ್ರಿ ಮಗ ಹೇಳಿದ ಪ್ರಶ್ನೆ ಕೇಳಿದ್ದಕ್ಕೆ. ಅವರ 118ರಲ್ಲಿ ಅಗೆಯೋದೇ ಇಲ್ಲ! ಹಳೇ ನೆಲದ ಮೇಲೇ ಮರಳು ಹಾಕಿ ಬ್ಲಾಕ್ ಕೂರಿಸ್ತಾರಂತೆ. ಅಂದ್ರೆ ಮೂರೂವರೆ ಇಂಚು ಮೇಲೆ ಬರುತ್ತೆ, ಗೇಟ್ ತೆಗೆಯೋಕಾಗಲ್ಲ. ನಮ್ಮ ಮೇಸ್ತ್ರಿ 78ರಲ್ಲಿ ಕಿತ್ತು, ಅಗೆದು, ಡೆಬ್ರಿಸ್ ಸಾಗಿಸೋದೂ ಇದೆ. ಅಮ್ಮ ಈಗ ಮನೆ ತುಂಬಾ ಗೆದ್ದ ನಗು ನಗ್ತಾ ಓಡಾಡ್ತಿದ್ದಾರೆ.

ಆದ್ರೆ ಹೆಂಡ್ತಿ ಬಿಟ್ಟಿಲ್ಲ. "ಯಲಹಂಕ ಅಕ್ಕ ಬರ್ದಿದ್ದು ಓದಿದ್ರಲ್ಲ, ಮೇಸ್ತ್ರಿ ಹುಡುಗ್ರಿಗೆ ಏನಾದ್ರೂ ಆದ್ರೆ?" ಅಂತ. ಅವಳ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಪಾಲಿಸಿ ಅಕ್ಕ, ಮೇಸ್ತ್ರಿಗೆ ಇದೊಂದು ಕೆಲಸಕ್ಕೆ ಅಂತ ಪಾಲಿಸಿ ಮಾಡಿಸೋಕಾಗುತ್ತಾ? ದುಡ್ಡು ಬೇಕಾದ್ರೆ ನಾನೇ ಕೊಡ್ತೀನಿ.

ಪಾಲಿಸಿ ಅಕ್ಕ:
ಆಗುತ್ತೆ, ಆದ್ರೆ ಎಲ್ಲಾ ಕಂಪ್ನಿಯವ್ರೂ ಸಣ್ಣ ಅವಧಿಗೆ ಒಪ್ಪಲ್ಲ, ಎರಡು ಮೂರು ಕಡೆ ಕೇಳ್ಬೇಕು. ಪಾಲಿಸಿ ಮೇಸ್ತ್ರಿ ಹೆಸರಲ್ಲೇ ಇರ್ಬೇಕು, ಧಣಿ ಅವರು. ಪ್ರೀಮಿಯಂ ಯಾರ ಜೇಬಿಂದ ಅನ್ನೋದು ನಿಮ್ಮಿಬ್ರ ಮಾತು. ಎಷ್ಟು ಜನ, ಕೂಲಿ ಎಷ್ಟು, ಏನು ಕೆಲಸ, ಎಲ್ಲಿ, ಇಷ್ಟನ್ನ ನಿಜ ಬರೆಸಿ. ಪ್ರೀಮಿಯಂ ಉಳಿಸೋಕೆ ಐದು ಜನನ್ನ ಮೂರು ಅಂತ, ಏಳುನೂರು ಕೂಲಿನ ಮುನ್ನೂರು ಅಂತ ಬರೆಸಿದ್ರೆ ಕ್ಲೇಮ್ ಟೈಮಲ್ಲಿ ಅದೇ ಕುತ್ತಿಗೆಗೆ ಬರುತ್ತೆ.

ಜೊತೆಗೆ ಹುಡುಗ್ರ ಬ್ಯಾಂಕ್ ಅಕೌಂಟಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇದ್ಯಾ ಕೇಳಿ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದ್ರೆ 2 ಲಕ್ಷ. ಕಟ್ಟಡ ಕಾರ್ಮಿಕರ ಮಂಡಳಿ ಲೇಬರ್ ಕಾರ್ಡ್ ಇದ್ರೆ ಅದೂ ಒಂದು ಆಸರೆ. ಇವೆರಡೂ ಡಬ್ಲ್ಯುಸಿಗೆ ಬದಲಿ ಅಲ್ಲ.

ಚಿಲ್ಲರೆ ಮಾತು:
ಮೇಸ್ತ್ರಿಗೆ ಪಾಲಿಸಿ ಅಂದ್ರೆ "ಸಾಯೋ ಮಾತ್ಯಾಕೆ ಸ್ವಾಮಿ" ಅಂತ ಎದ್ದು ಹೋಗ್ತಾನೆ ನೋಡ್ತಿರಿ.

ಉತ್ತರಹಳ್ಳಿ ಸೈಟು:
ಹತ್ತಿರ ಹತ್ತಿರ ಅದೇ ಆಯ್ತು! ಮೊದಲು ನಕ್ಕರು. "ಇಪ್ಪತ್ತೈದು ವರ್ಷದಲ್ಲಿ ಒಬ್ರೂ ಕೇಳಿಲ್ಲ ಸಾರ್, ನನ್ ಹುಡುಗ್ರಿಗೆ ಏನೂ ಆಗಲ್ಲ, ಪೂಜೆ ಮಾಡ್ಕೊಂಡೇ ಗುದ್ದಲಿ ಹಾಕೋದು" ಅಂದ್ರು. ಅಮ್ಮ ಒಳಗಿಂದ ಕಾಫಿ ತಂದ್ಕೊಟ್ಟು "ನಿಮ್ ಹುಡುಗ್ರ ಹೆಂಡ್ರು ಮಕ್ಕಳಿಗೆ ಅಂತ ತಿಳ್ಕೊಳಪ್ಪಾ" ಅಂದ ಮೇಲೆ ಸುಮ್ಮನಾದ್ರು. ಮರುದಿನ ಐದು ಆಧಾರ್ ಜೆರಾಕ್ಸ್ ತಂದ್ರು, ಒಂದರಲ್ಲಿ ಹುಡುಗನ ಹುಟ್ಟಿದ ತಾರೀಖು ನೋಡಿದ್ರೆ ಹದಿನೇಳೂವರೆ ವರ್ಷ. ಇವನು ಬೇಡ ಅಂದೆ. "ಅಣ್ಣನ ಮಗ ಸಾರ್, ರಜಾ ಅಂತ ಬಂದಿದ್ದ" ಅಂದ್ರು. ಪಾಲಿಸಿ ಕೇಳದೇ ಇದ್ರೆ ಆ ಹುಡುಗ ನಮ್ಮನೇಲಿ ಕಟರ್ ಹಿಡೀತಿದ್ದ.

ಎರಡು ಕಡೆ ಆಗಲ್ಲ ಅಂದ್ರು, ಮೂರನೇ ಕಡೆ ನಮ್ಮ ಮನೆ ಅಡ್ರೆಸ್ ಬರೆಸಿ ಒಂದು ತಿಂಗಳಿಗೆ ಆಯ್ತು, ಜಿಎಸ್‌ಟಿ ಸೇರಿ ಎರಡು ಸಾವಿರದ ಒಳಗೆ. ಚದರಡಿಗೆ ಲೆಕ್ಕ ಹಾಕಿದ್ರೆ ಎರಡು ರೂಪಾಯಿ ಚಿಲ್ಲರೆ. ನಾನು 118ಕ್ಕೂ 78ಕ್ಕೂ ಮಧ್ಯ ಹದಿನೈದು ದಿನ ತಲೆ ಕೆಡಿಸ್ಕೊಂಡಿದ್ದೆ.

ಕ್ಯಾಲೆಂಡರ್ ಹಾಳೆ ಬಿಟ್ಟು ಎರಡು ಪುಟ ಕನ್ನಡದಲ್ಲೇ ಬರ್ದು ಇಬ್ರೂ ಸೈನ್ ಹಾಕಿದ್ವಿ. ಆಳ, ಬ್ಲಾಕ್ ದಪ್ಪ, ಎರಡು ಪದರ ಜಲ್ಲಿ, ಸಂಪಿನ ಬಾಯಿ ಏರಿಸೋದು, ಕೆಲಸ ಮುಗಿದ ಮೇಲೆ ಟೇಪ್ ಹಿಡಿದು ಅಳೆದಷ್ಟಕ್ಕೇ ದುಡ್ಡು, ಒಂದು ವರ್ಷ ಕುಸಿದ್ರೆ ಅವರದೇ ಖರ್ಚಲ್ಲಿ ಸರಿ ಮಾಡೋದು. ಅಡ್ವಾನ್ಸ್ ಹತ್ತು ಸಾವಿರ, ಬ್ಲಾಕ್ ದುಡ್ಡು ಲಾರಿ ಬಂದಾಗ ನೇರ ಫ್ಯಾಕ್ಟರಿಗೆ ನನ್ನ ಹೆಸರಿನ ಬಿಲ್ ಮೇಲೆ, ಕೊನೇ ಏಳು ಸಾವಿರ ಮೊದಲ ಜೋರು ಮಳೆ ಆದ್ಮೇಲೆ.

ಕೋರ್ಟು ಕಛೇರಿ:
ಚೆನ್ನಾಗಿ ಮಾಡಿದ್ದೀರಿ. ಎಲ್ಲಾ ಪೇಮೆಂಟ್ ಯುಪಿಐ ಅಥವಾ ಚೆಕ್‌ನಲ್ಲೇ ಇರ್ಲಿ. ಮುಂದೆ ಜಗಳ ಬಂದ್ರೆ 1915 ಗ್ರಾಹಕ ಸಹಾಯವಾಣಿ ಇದೆ, ಅಲ್ಲಿ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಫೀಸೇ ಇಲ್ಲ, ಎರಡು ವರ್ಷದೊಳಗೆ ಹೋಗ್ಬೇಕು. ಅಲ್ಲಿ ಕೇಳೋದು ಈ ಎರಡು ಪುಟ, ಬ್ಯಾಂಕ್ ಸ್ಟೇಟ್‌ಮೆಂಟು.

ಉತ್ತರಹಳ್ಳಿ ಸೈಟು:
ಬ್ಲಾಕ್ ಪರೀಕ್ಷೆ ಕಥೆ ಹೇಳ್ಬೇಕು. ಎರಡು ಫ್ಯಾಕ್ಟರಿಯಿಂದ ಸ್ಯಾಂಪಲ್ ತಂದೆ, ಎರಡೂ ಇಟ್ಟಿಗೆ ಆಕಾರದ 60 ಮಿಮೀ. ಹೆಂಡ್ತಿ ಕೇಕ್ ಮಾಡೋ ತೂಕದ ಮಶೀನ್ ಮೇಲೆ ಪೇಪರ್ ಹಾಸಿ ಇಟ್ಟೆ. ಮೊದಲನೇದು 2,610 ಗ್ರಾಂ, ನೋಡೋಕೆ ಫಳಫಳ ಹೊಳೀತಿತ್ತು. ಎರಡನೇದು 2,740, ಮೈ ಒರಟು. ಬಟ್ಟೆ ನೆನೆಸೋ ಬಕೆಟ್‌ನಲ್ಲಿ ರಾತ್ರಿ ಹಾಕಿದೆ, ಹೊಳೆಯೋದು ಹತ್ತು ನಿಮಿಷ ಸೋಡಾ ಥರ ಗುಳ್ಳೆ ಬಿಡ್ತಾನೇ ಇತ್ತು. ಮಾರನೇ ರಾತ್ರಿ ತೆಗೆದು ಒರೆಸಿ ಇಟ್ರೆ ಅದು 2,830, ಅಂದ್ರೆ 220 ಗ್ರಾಂ ನೀರು ಕುಡಿದಿದೆ, ನೂರಕ್ಕೆ ಎಂಟರ ಮೇಲೆ. ಒರಟು ಕಲ್ಲು 2,860, ನಾಲ್ಕೂವರೆ ಹತ್ರ. ಎರಡು ಕಲ್ಲು ಒಂದಕ್ಕೊಂದು ತಟ್ಟಿದ್ರೆ ಒರಟಿಗೆ ಠಣ್ ಅಂತ ಸೌಂಡು, ಇನ್ನೊಂದು ಬೆಂದಿಲ್ಲದ ಮಡಕೆ ಥರ ದಬ್. ಮೇಸ್ತ್ರಿ ನೋಡಿ "ಸಾರ್ ನಾನು ತಟ್ಟೇ ಹೇಳ್ತಿದ್ದೆ, ಬಕೆಟ್ ಯಾಕೆ" ಅಂದ್ರು. ತೂಕದ ಮಶೀನ್ ಈಗ ನನ್ನದಂತೆ, ಅವಳಿಗೆ ಹೊಸದು ಬೇಕಂತೆ.

ನಾಳೆ ಕೆಲ್ಸ ಶುರು.

ಮೇಸ್ತ್ರಿ ಮಗ:
ಹುಡುಗ್ರ ಕಾಲಿಗೆ ಶೂ ಇದ್ಯಾ ನೋಡಿ ಸಾರ್. ಕಟರ್‌ಗೆ ನೀರು ಬಿಟ್ಕೊಂಡು ಕತ್ತರಿಸ್ಲಿ, ಆ ಧೂಳು ಎದೆಗೆ ಒಳ್ಳೇದಲ್ಲ. ನಮ್ಮಪ್ಪನ ಕೆಮ್ಮು ಇವತ್ತಿಗೂ ನಿಂತಿಲ್ಲ.

ಉತ್ತರಹಳ್ಳಿ ಸೈಟು:
ನಾಲ್ಕು ಜೊತೆ ಶೂ ನಾನೇ ತಂದೆ. ಮೊದಲ ದಿನ ಹಾಕ್ಕೊಂಡ್ರು, ಎರಡನೇ ದಿನ ಇಬ್ರು ಚಪ್ಪಲೀಲೇ. ಕೇಳಿದ್ರೆ "ಹೊಸಾ ಶೂ ಸಾರ್, ಊರಿಗೆ ಹಾಕ್ಕೊಂಡು ಹೋಗೋಕೆ ಎತ್ತಿಟ್ಟಿದ್ದೀವಿ". ಏನ್ ಹೇಳೋದು. ಶೂ ಹಾಕ್ಕೊಂಡೋರಿಗೆ ಮಾತ್ರ ನಾಲ್ಕು ಗಂಟೆ ಬಜ್ಜಿ ಅಂತ ಅಮ್ಮ ರೂಲ್ಸ್ ಮಾಡಿದ್ಮೇಲೆ ಸರಿ ಹೋಯ್ತು.

ಐದು ದಿನ ಅಂದಿದ್ದು ಒಂಬತ್ತು ದಿನ ಆಯ್ತು. ಪೈಪ್ ಗುಂಡಿ ಜಾಗದಲ್ಲಿ ಅಗೆದ್ರೆ ಹಳೇ ಕೆಲಸದವರು ಮಣ್ಣಿನ ಬದಲು ಸಿಮೆಂಟ್ ಚೀಲ, ಒಡೆದ ಕಮೋಡು ತುಂಬಿ ಮುಚ್ಚಿದ್ರು. ಕಮೋಡು, ಗುರು!

ಯಲಹಂಕ ಮನೆಯಾಕೆ:
ಯಾರಿಗೂ ಏನೂ ಆಗ್ಲಿಲ್ವಲ್ಲ?

ಉತ್ತರಹಳ್ಳಿ ಸೈಟು:
ಇಲ್ಲ ಅಕ್ಕ. ಒಬ್ಬನ ಹೆಬ್ಬೆರಳಿಗೆ ಸುತ್ತಿಗೆ ಬಿತ್ತು, ಉಗುರು ಕಪ್ಪಾಯ್ತು ಅಷ್ಟೇ.

ಮೊನ್ನೆ ರಾತ್ರಿ ಮಳೆ ಹುಯ್ತಲ್ಲ, ಛತ್ರಿ ಹಿಡ್ಕೊಂಡು ಟಾರ್ಚ್ ಹಾಕಿ ನಿಂತೆ. ನೀರು ಗೇಟ್ ಕಡೆ ಹೋಗದೆ ಪಕ್ಕದ ಓಣೀಲಿ ತಿರುಗಿ ಇಂಗುಗುಂಡಿಗೆ ಇಳೀತು, ಸಂಪಿನ ಹತ್ರ ಒಂದು ಲೋಟ ನೀರೂ ನಿಂತಿಲ್ಲ. ಗೇಟಿನ ಎಡಗಡೆ ಮೂಲೇಲಿ ಮಾತ್ರ ಮೂರು ಬ್ಲಾಕ್ ಕಾಲಿಟ್ರೆ ಲೊಟಲೊಟ ಅಂತಿದೆ. ಮೇಸ್ತ್ರಿಗೆ ಫೋನ್ ಮಾಡ್ದೆ, ಭಾನುವಾರ ಬಂದು ಎತ್ತಿ ಮರಳು ಸರಿ ಮಾಡ್ತಾರಂತೆ. ಏಳು ಸಾವಿರ ಇನ್ನೂ ನನ್ನ ಹತ್ರಾನೇ ಇದೆ.

ಹೆಸರಘಟ್ಟ ರೋಡ್:
ಸಾರ್ ಮೇಸ್ತ್ರಿ ನಂಬರ್ ಮೆಸೇಜ್ ಮಾಡ್ತೀರಾ? ನಮ್ದೂ 30×40 ಇದೆ.

ಉತ್ತರಹಳ್ಳಿ ಸೈಟು:
ಮಾಡ್ತೀನಿ ಸಾರ್, ಆದ್ರೆ ಒಂದು ವಿಷ್ಯ. ಭಾನುವಾರ ಬಂದು ಬ್ಲಾಕ್ ಸರಿ ಮಾಡಿ, ದುಡ್ಡು ಇಸ್ಕೊಂಡು, ಜೇಬಿಂದ ಹೊಸಾ ವಿಸಿಟಿಂಗ್ ಕಾರ್ಡ್ ತೆಗೆದು ಅಮ್ಮನ ಕೈಗೆ ಕೊಟ್ರು. ಚೆನ್ನಾಗಿದೆ, ಗಣಪತಿ ಫೋಟೊ, ಮೊಬೈಲ್ ನಂಬರ್, ಕೆಳಗೆ ಕೆಂಪಕ್ಷರದಲ್ಲಿ "ಸರ್ಟಿಫೈಡ್ ಅಂಡ್ ಇನ್ಶೂರ್ಡ್"! ನಾನು "ಆ ಪಾಲಿಸಿ ನಮ್ಮನೆ ಅಡ್ರೆಸ್‌ಗೆ ಮಾತ್ರ ಇದ್ದಿದ್ದು, ಅದೂ ಹೋದ ಬುಧವಾರನೇ ಮುಗೀತಲ್ಲ" ಅಂದೆ. ಕಾರ್ಡ್ ಒಂದ್ಸಲ ತಿರುಗ್ಸಿ ನೋಡಿದ್ರು. "ಐನೂರು ಕಾರ್ಡ್ ಪ್ರಿಂಟ್ ಆಗೋಯ್ತಲ್ಲ ಸಾರ್" ಅಂತ ತಲೆ ಕೆರ್ಕೊಂಡು, ಆಮೇಲೆ "ಆ ಪಾಲಿಸಿ ಅಕ್ಕನ ನಂಬರ್ ಕೊಡಿ, ವರ್ಷದ್ದೇ ಮಾಡ್ಸಿದ್ರೆ ಎಷ್ಟಾಗುತ್ತೆ ಕೇಳಾಣ" ಅಂದ್ರು.

ಪಾಲಿಸಿ ಅಕ್ಕ:
ಕಳ್ಸಿ ಕಳ್ಸಿ. ಆಧಾರ್ ಎಲ್ಲಾ ತಗೊಂಡು ಬರೋಕೆ ಹೇಳಿ, ಅಣ್ಣನ ಮಗನದ್ದು ಬಿಟ್ಟು.